ಎಣ್ಣೆ ಅಂಗಡಿ ಕ್ಯಾಲೆಂಡರಿನ ಕೃಷ್ಣ

ನಾನು ನಟಿಯಾದದ್ದು ಬೆಣ್ಣೆ ಕದ್ದು ಎಂದು ನಮ್ಮ ಕಡೆಯವರು ಈಗಲೂ ನಗಾಡುತ್ತಾರೆ. ನಗಲಿ, ಅವರ ಹೊಟ್ಟೆ ತಣ್ಣಗಿರಲಿ. ಆದರೆ ಅವತ್ತು ನನ್ನ ಕೈಯಲ್ಲಿದ್ದದ್ದು ಬೆಣ್ಣೆಯಲ್ಲ, ಹತ್ತಿ. ಬೇಸಿಗೆಯ ಕಾವಿಗೆ ನಿಜವಾದ ಬೆಣ್ಣೆ ಕರಗಿ ಮೊಣಕೈವರೆಗೂ ಇಳಿಯುತ್ತದೆ ಎಂದು ಫೋಟೋ ಸ್ಟುಡಿಯೋದವರು ಹಾಸಿಗೆ ಅಂಗಡಿಯಿಂದ ಒಂದು ಹಿಡಿ ಹತ್ತಿ ತರಿಸಿ, ನೀರಲ್ಲಿ ಅದ್ದಿ, ಉಂಡೆ ಕಟ್ಟಿ ನನ್ನ ಅಂಗೈಗೆ ಇಟ್ಟರು. ನಾನು ಅದನ್ನು ಸೀದಾ ಬಾಯಿಗೆ ಹಾಕಿಕೊಂಡೆ. ಅಮ್ಮ ಗಂಟಲೊಳಗೆ ಬೆರಳು ಹಾಕಿ ಹೊರಗೆಳೆದಳು. ಎರಡನೆಯ ಸಲ ಹೊಸ ಉಂಡೆ ಮಾಡಬೇಕಾಯಿತು.

ಆಗ ನಾನಿನ್ನೂ ಶಾಲೆಯ ಮುಖ ನೋಡಿರಲಿಲ್ಲ. ಅಪ್ಪ ಕೋರಮಂಡಲ್‌ನಲ್ಲಿ ಚಿನ್ನದ ಗಣಿಯ ಬಡಗಿ ಶೆಡ್ಡಿನಲ್ಲಿದ್ದರು. ನೆಲದೊಳಗೆ ಇಳಿಯುವ ಕೆಲಸವಲ್ಲ, ಮೇಲೆಯೇ ಇದ್ದು ಸುರಂಗಕ್ಕೆ ಆನಿಸುವ ಮರದ ದಿಮ್ಮಿಗಳನ್ನು ಕೊಯ್ಯುವ ಕೆಲಸ. ಅದೊಂದನ್ನು ನೋಡಿಯೇ ಅಮ್ಮನ ಮನೆಯವರು ಹೆಣ್ಣು ಕೊಟ್ಟದ್ದಂತೆ. ಅಮ್ಮ ಕ್ಯಾಸಂಬಳ್ಳಿ ಪಕ್ಕದ ಹಳ್ಳಿಯವಳು. ತವರಿನ ಎಮ್ಮೆಗಳಿಗೆ ಕಡಲೆಕಾಯಿ ಹಿಂಡಿ ಬೇಕಾದಾಗ ಬಂಗಾರಪೇಟೆಯ ಎಣ್ಣೆ ಅಂಗಡಿಗೆ ರೈಲಿನಲ್ಲಿ ಅವಳೇ ಹೋಗುತ್ತಿದ್ದಳು, ನನ್ನನ್ನು ಸೊಂಟಕ್ಕೆ ಏರಿಸಿಕೊಂಡು. ಒಂದು ಸಲ ಅಂಗಡಿಯಲ್ಲಿ ಬೆಲ್ಲಕ್ಕಾಗಿ ನಾನು ಹಿಡಿದ ಹಟಕ್ಕೆ ಬೀದಿಯವರೆಲ್ಲ ತಿರುಗಿ ನೋಡಿದರಂತೆ. ಅಂಗಡಿಯ ಸಾಹುಕಾರರು ಮಾತ್ರ ಗದ್ದಕ್ಕೆ ಕೈಕೊಟ್ಟು ನನ್ನನ್ನೇ ನೋಡುತ್ತ ಕೂತರು. ಹೊಸ ವರ್ಷಕ್ಕೆ ಗಿರಾಕಿಗಳಿಗೆ ಹಂಚಲು ಬಾಲಕೃಷ್ಣನ ಕ್ಯಾಲೆಂಡರ್ ಮಾಡಿಸಬೇಕೆಂದಿದ್ದೇನೆ, ಈ ಮಗುವಿಗೆ ಆ ಕಳೆ ಇದೆ ಎಂದರು. ಇದು ಹೆಣ್ಣುಮಗು ಎಂದು ಅಮ್ಮ ನಾಚಿಕೊಂಡು ಹೇಳಿದಳು. ಅದೇ ಒಳ್ಳೆಯದು, ಗಂಡುಮಕ್ಕಳು ನಿಂತ ಕಡೆ ನಿಲ್ಲುವುದಿಲ್ಲ, ಹೆಣ್ಣಾದರೆ ಹೇಳಿದ ಮಾತು ಕೇಳುತ್ತದೆ ಎಂದರು ಸಾಹುಕಾರರು. ಪಾಪ, ಅವರಿಗೆ ನನ್ನ ಪರಿಚಯ ಇರಲಿಲ್ಲ.

ಹತ್ತಿಯ ಉಂಡೆ ಹಿಡಿದು ನಾನು ನಿಂತದ್ದು ಬಣ್ಣ ಬಳಿದ ಪರದೆಯ ಮುಂದೆ. ಫೋಟೋದವರು ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿ ಇಲ್ಲಿ ನೋಡು, ಇಲ್ಲಿ ನೋಡು ಎಂದು ಕರೆಯುತ್ತಿದ್ದರೆ ನನ್ನ ಕಣ್ಣೆಲ್ಲ ಅವರ ಮೇಜಿನ ಮೇಲಿದ್ದ ಬನ್ನಿನ ಮೇಲೆ. ಹಾಗಾಗಿ ಚಿತ್ರದಲ್ಲಿ ಕೃಷ್ಣ ಓರೆಗಣ್ಣಲ್ಲಿ ನೋಡುವ ಹಾಗಾಯಿತು. ಆ ಫೋಟೋ ಶಿವಕಾಶಿಗೆ ಹೋಗಿ, ಅಲ್ಲಿನ ಚಿತ್ರಗಾರರು ನನ್ನ ಮೈಗೆ ನೀಲಿ ಬಳಿದು, ತಲೆಗೆ ಗರಿ ಸಿಕ್ಕಿಸಿ, ಗದ್ದದ ಗುಳಿಯನ್ನು ಮಾತ್ರ ಹಾಗೇ ಬಿಟ್ಟು ಅಚ್ಚು ಹಾಕಿ ಕಳಿಸಿದರು. ಜಗತ್ತನ್ನೆಲ್ಲ ಒಂದೇ ನೋಟದಲ್ಲಿ ಅಳೆಯುತ್ತಾನೆ ನೋಡಿ, ಎಂಥ ತುಂಟ ಕಣ್ಣು ಎಂದು ಜನ ಕೊಂಡಾಡಿದರು. ಬನ್ನಿನ ಸುದ್ದಿ ಯಾರಿಗೂ ಗೊತ್ತಿರಲಿಲ್ಲ.

ನಮ್ಮ ಕಡೆ ದೇವರ ಕ್ಯಾಲೆಂಡರನ್ನು ಯಾರೂ ಎಸೆಯುವುದಿಲ್ಲ. ವರ್ಷ ಮುಗಿದ ಮೇಲೆ ಕೆಳಗಿನ ತಾರೀಖಿನ ಭಾಗವನ್ನು ಕತ್ತರಿಸಿ, ಮೇಲಿನ ದೇವರನ್ನು ಕಟ್ಟು ಹಾಕಿಸುತ್ತಾರೆ. ಗಾಜು, ಮರದ ಪಟ್ಟಿ, ನೇತುಹಾಕಲು ಎರಡು ಕೊಂಡಿ. ಆ ವರ್ಷ ನಮ್ಮಪ್ಪನೇ ಮಿಕ್ಕಿದ ಮರದ ಚೂರುಗಳಲ್ಲಿ ಸುತ್ತಮುತ್ತಲವರಿಗೆಲ್ಲ ಕಟ್ಟು ಮಾಡಿಕೊಟ್ಟರು. ಹೀಗೆ ನಾವಿದ್ದ ಕೋರಮಂಡಲ್ ಲೈನ್, ಅಂದರೆ ಗಣಿ ಕೂಲಿಗಳ ಸಾಲುಮನೆಗಳಿಂದ ಹಿಡಿದು ಮೈಸೂರು ಮೈನ್ಸ್‌ವರೆಗೆ ಬಿದಿರಿನ ತಟ್ಟಿಯ ಗೋಡೆಗಳಲ್ಲೆಲ್ಲ ನಾನು ಏರಿ ಕೂತೆ. ಹಣೆಗೆ ಕುಂಕುಮ, ಮುಡಿಗೆ ಹೂವು, ಮೂಗಿನ ಕೆಳಗೆ ಊದುಬತ್ತಿಯ ಹೊಗೆ.

ಅದರಿಂದ ನನಗಾದ ಲಾಭ ಒಂದೆರಡಲ್ಲ. ಯಾರೂ ನನ್ನನ್ನು ಹೊಡೆಯುವ ಹಾಗಿರಲಿಲ್ಲ. ಲೈನಿನ ಮಕ್ಕಳಿಗೆ ಬೆನ್ನ ಮೇಲೆ ಏಟು ಬೀಳುವುದು ಊಟದಷ್ಟೇ ಸಹಜವಾಗಿದ್ದ ಕಾಲ ಅದು. ನಾನು ನೀರಿನ ಕೊಳಾಯಿಯ ಹತ್ತಿರ ಯಾರದೋ ಕೊಡ ಉರುಳಿಸಿದರೆ ಆ ಹೆಂಗಸು ಬಾಯಿ ತೆರೆದವಳು ನನ್ನ ಮುಖ ನೋಡಿ ಹಾಗೇ ಮುಚ್ಚಿಕೊಳ್ಳುತ್ತಿದ್ದಳು. ಅಮ್ಮ ಒಮ್ಮೆ ಸೌದೆ ಸೀಳು ಎತ್ತಿಕೊಂಡು ಬಂದಾಗ ನಾಲ್ಕು ಮನೆಯವರು ಓಡಿಬಂದು ಅವಳ ಕೈ ಹಿಡಿದರು. ಈ ಮುಂಡೇದನ್ನ ಎತ್ತವಳು ನಾನೋ ನೀವೋ ಎಂದು ಅಮ್ಮ ಬಾಯಿ ಬಡಿದುಕೊಂಡಳು. ನಾನು ಅವರ ಹಿಂದೆ ನಿಂತು ನಾಲಿಗೆ ಚಾಚಿದೆ. ಅಮ್ಮನಿಗೆ ಇವತ್ತು ಅದನ್ನು ನೆನೆಸಿಕೊಂಡರೂ ಮೈಯೆಲ್ಲ ಉರಿಯುತ್ತದೆ ಎಂದು ಕಾಣುತ್ತದೆ, ಮಾತು ತೆಗೆದರೆ ಎದ್ದು ಒಳಗೆ ಹೋಗುತ್ತಾಳೆ.

ಎಲ್ಲರಿಗಿಂತ ನನ್ನನ್ನು ತಲೆ ಮೇಲೆ ಕೂರಿಸಿಕೊಂಡವಳು ಪಕ್ಕದ ಮನೆಯ ಮುದುಕಿ. ನಾವೆಲ್ಲ ಅವಳನ್ನು ಪಾಟಿ ಎನ್ನುತ್ತಿದ್ದೆವು, ತಮಿಳಿನಲ್ಲಿ ಅಜ್ಜಿ ಎಂದು. ಮನೆಯೊಳಗೆ ತಮಿಳು, ನಮ್ಮೊಂದಿಗೆ ಕನ್ನಡ, ಸೊಪ್ಪಿನವಳ ಹತ್ತಿರ ತೆಲುಗು, ಅವಳ ನಾಲಿಗೆ ಮೂರರಲ್ಲೂ ಚುರುಕು. ಶುಕ್ರವಾರ ಅವಳು ಗೋಡೆಯ ಕೃಷ್ಣನಿಗೆ ಕಡಲೆಪುರಿ ಇಟ್ಟು ಕೈಮುಗಿದು, ಅದನ್ನೇ ತಂದು ನನ್ನ ಉಡಿಗೆ ಸುರಿಯುತ್ತಿದ್ದಳು. ಸಾಮಿ ಎಂದೇ ನನ್ನನ್ನು ಕರೆಯುತ್ತಿದ್ದದ್ದು. ಅವಳ ಗಂಡ ಶಾಫ್ಟಿನ ಕೆಳಗೆ ಬಂಡೆ ಕೊರೆಯುವ ಆಳು. ಬಟವಾಡೆಯ ಸಂಜೆ ಕುಡಿದು ಬಂದು ಅವಳನ್ನು ಹೊಡೆಯುವುದು ತಟ್ಟಿಯ ಗೋಡೆಯಾಚೆಗೆ ನಮಗೆ ಚೆನ್ನಾಗಿ ಕೇಳಿಸುತ್ತಿತ್ತು. ಅಮ್ಮ ಒಲೆಯ ಮುಂದೆ ಮುದ್ದೆ ತಿರುವುತ್ತಲೇ ಇರುತ್ತಿದ್ದಳು. ಅಪ್ಪ ಬೀಡಿ ಸೇದುತ್ತ ಹೊರಗೆ ಕೂತಿರುತ್ತಿದ್ದರು. ಮಾರನೆಯ ದಿನ ಪಾಟಿ ಊದಿಕೊಂಡ ಕೆನ್ನೆಯಲ್ಲೇ ನಗುತ್ತ ನೀರಿಗೆ ಬರುತ್ತಿದ್ದಳು.

ಕ್ಯಾಲೆಂಡರಿನ ಹಿಂದೆಯೇ ನಾಟಕ ಬಂತು. ಬಂಗಾರಪೇಟೆಯಲ್ಲಿ ರೈಲ್ವೆ ಸ್ಟೇಷನ್ನಿಗೆ ಹತ್ತಿರದ ಬಯಲಲ್ಲಿ ಒಂದು ಕಂಪನಿ ತಗಡಿನ ಥಿಯೇಟರ್ ಕಟ್ಟಿತ್ತು. ಗಣಿಯ ಜನ ಸಂಜೆಯ ರೈಲಿಗೆ ಮನೆ ಸೇರಲಿ ಎಂದು ಭಾನುವಾರ ಮಧ್ಯಾಹ್ನದ ಆಟವನ್ನೂ ಇಟ್ಟಿದ್ದರು. ಕಂಪನಿಯ ಒಡತಿ ಒಬ್ಬ ಹೆಂಗಸು, ತಾನೇ ಒಂದು ಕಾಲದ ದೊಡ್ಡ ನಟಿ. ಎಲ್ಲರೂ ಯಜಮಾನಮ್ಮ ಎನ್ನುತ್ತಿದ್ದರು. ಎಣ್ಣೆ ಅಂಗಡಿಯ ಗೋಡೆಯಲ್ಲಿ ನನ್ನ ಮುಖ ನೋಡಿ, ವಿಚಾರಿಸಿಕೊಂಡು, ಅಪ್ಪನ ಶೆಡ್ಡಿಗೇ ಬಂದುಬಿಟ್ಟರು. ದೇವರ ಪಾತ್ರ ತಾನೆ, ಮಾಡಲಿ ಎಂದು ಅಪ್ಪ ಒಪ್ಪಿದರು. ಅಂದಿನಿಂದ ಪೌರಾಣಿಕ ನಾಟಕಗಳಲ್ಲಿ ಎಲ್ಲೆಲ್ಲಿ ಮಗುವಾಗಿ ದೇವರು ಬರುತ್ತಾನೋ ಅಲ್ಲೆಲ್ಲ ನಾನು. ಕಂಪನಿ ಕೋಲಾರದಲ್ಲೋ ಮುಳಬಾಗಿಲಲ್ಲೋ ಇದ್ದಾಗ ರಜದ ದಿನಗಳಲ್ಲಿ ಅಮ್ಮ ಕರೆದುಕೊಂಡು ಹೋಗುತ್ತಿದ್ದಳು. ನಾನು ರಂಗಕ್ಕೆ ಬಂದೊಡನೆ ಮುಂದಿನ ಸಾಲಿನವರು ಚಪ್ಪಲಿ ಬಿಟ್ಟು ಎದ್ದು ನಿಲ್ಲುತ್ತಿದ್ದರು. ಮಾತು ತಪ್ಪಿದರೂ ಕೈಮುಗಿಯುತ್ತಿದ್ದರು. ಅಭಿನಯ ಎಂದರೆ ಇಷ್ಟೇ ಎಂದುಕೊಂಡಿದ್ದೆ ನಾನು.

ಹಾಗಲ್ಲ ಎಂದು ತಿಳಿಸಿಕೊಟ್ಟದ್ದು ನಮ್ಮ ಶಾಲೆಯ ಟೀಚರಮ್ಮ. ಫ್ರಾಕು ತೊಟ್ಟು ಸೈಕಲ್ಲಿನಲ್ಲಿ ಬರುವ ಆಂಗ್ಲೋ ಇಂಡಿಯನ್ ಹೆಂಗಸು. ಅವರಿಗೆ ಸಿನಿಮಾ ಎಂದರೆ ಜೀವ. ಯಾರೋ ನೆಂಟರು ಕಳಿಸುತ್ತಿದ್ದ ಇಂಗ್ಲಿಷ್ ಪತ್ರಿಕೆಗಳನ್ನು ಪೆಟ್ಟಿಗೆಯಲ್ಲಿ ಜೋಡಿಸಿಟ್ಟುಕೊಂಡಿದ್ದರು. ನಾನು ಹನ್ನೊಂದು ಹನ್ನೆರಡರವಳಾಗಿ, ಕಾಲು ಕೈ ಉದ್ದ ಬೆಳೆದು, ಬಾಲದೇವರ ಪಾತ್ರಗಳೆಲ್ಲ ಒಂದೊಂದಾಗಿ ಕೈಬಿಟ್ಟು ಹೋಗುತ್ತಿದ್ದ ಹೊತ್ತು. ಕ್ಲಾಸಿನಲ್ಲಿ ಮುಖ ಊದಿಸಿಕೊಂಡು ಕೂತಿದ್ದವಳನ್ನು ಒಂದು ದಿನ ಮನೆಗೆ ಕರೆದು ಆ ಪೆಟ್ಟಿಗೆ ತೆರೆದರು.

ಅದರೊಳಗೆ ಅಮೆರಿಕದ ಒಬ್ಬ ನಟಿಯ ಇಡೀ ಬದುಕೇ ಇತ್ತು. ಒಂದು ಹಾಳೆಯಲ್ಲಿ ಮೂರು ವರ್ಷದ ಮಗು ಸೋಪಿನ ಜಾಹೀರಾತಿಗೆ ತೊಟ್ಟಿಯಲ್ಲಿ ಕೂತು ನೊರೆ ಊದುತ್ತಿತ್ತು. ಅವಳ ತಾಯಿ ಮಗುವನ್ನು ಎತ್ತಿಕೊಂಡು ಫೋಟೋದವರ ಬಾಗಿಲು ಬಾಗಿಲಿಗೆ ಅಲೆದಳಂತೆ. ಇನ್ನೊಂದರಲ್ಲಿ ಗುಂಗುರು ಕೂದಲಿನ ಹುಡುಗಿ, ಸಿನಿಮಾದಲ್ಲಿ ಯಾರದೋ ಅನಾಥ ಮಗಳು. ಆಮೇಲೆ ಒಂದಷ್ಟು ಕಾಲ ಅವಳ ಚಿತ್ರವೇ ಇಲ್ಲ. ಹಲ್ಲು ಉಬ್ಬಿತು, ಎತ್ತರ ಬೆಳೆದಳು, ಯಾರಿಗೂ ಬೇಡವಾದಳು ಎಂದರು ಟೀಚರಮ್ಮ. ನಾನು ಉದ್ದ ಬೆಳೆದ ಕಾಲುಗಳನ್ನು ಲಂಗದೊಳಗೆ ಎಳೆದುಕೊಂಡೆ. ಹಾಳೆ ತಿರುಗಿಸಿದರೆ ಅದೇ ಹುಡುಗಿ ತುಂಬಿದ ಹೆಂಗಸಾಗಿ ಅಡುಗೆಮನೆಯಲ್ಲಿ ನಿಂತಿದ್ದಳು, ಮುಖಕ್ಕೆ ಬಣ್ಣವಿಲ್ಲ, ಕಣ್ಣ ಕೆಳಗೆ ಕಪ್ಪು. ಈ ಪಾತ್ರದಿಂದಲೇ ಅವಳನ್ನು ಜನ ನಟಿ ಎಂದರು, ಅಲ್ಲಿಯವರೆಗೆ ಮುದ್ದು ಮಗು ಎನ್ನುತ್ತಿದ್ದರು ಎಂದು ವಿವರಿಸಿದರು.

ಆ ಸಿನಿಮಾ ಗಣಿಯ ಕ್ಲಬ್ಬಿನ ಹಾಲಿಗೆ ಬಂದಾಗ ಟೀಚರಮ್ಮ ಯಾರನ್ನೋ ಕೇಳಿಕೊಂಡು ನನ್ನನ್ನು ಬಾಗಿಲ ಪಕ್ಕದ ಬೆಂಚಿನಲ್ಲಿ ಕೂರಿಸಿದರು. ಇಂಗ್ಲಿಷ್ ಒಂದಕ್ಷರ ತಿಳಿಯಲಿಲ್ಲ. ಆದರೆ ಆ ಹೆಂಗಸು ತಟ್ಟೆ ತೊಳೆಯುತ್ತ ತೊಳೆಯುತ್ತ ಕೈ ನಿಲ್ಲಿಸಿ, ಕೈ ಒರೆಸುವ ಬಟ್ಟೆಯನ್ನು ಮಡಿಸಿಟ್ಟು, ಗಂಡನ ಮುಂದೆಯೇ ಬಾಗಿಲು ತೆರೆದು ಹೊರಗೆ ಹೋದದ್ದು ತಿಳಿಯಿತು. ಯಾರೂ ಕೈಮುಗಿಯಲಿಲ್ಲ. ಆದರೂ ಹಾಲೆಲ್ಲ ಉಸಿರು ಹಿಡಿದು ಕೂತಿತ್ತು. ನನಗೆ ಇದು ಬೇಕು ಎಂದು ಅವತ್ತು ಅನ್ನಿಸಿತು, ಬೆಲ್ಲಕ್ಕೆ ಹಟ ಹಿಡಿದವಳಿಗೆ ಮತ್ತೆ ಅಂಥದೇ ಹಟ. ದಾರಿಯಲ್ಲಿ ಕೇಳಿದೆ, ಅವಳ ಚಿಕ್ಕಂದಿನ ಚಿತ್ರವನ್ನು ಅಲ್ಲಿ ಯಾರೂ ಗೋಡೆಗೆ ಹಾಕಿ ಕುಂಕುಮ ಇಡಲಿಲ್ಲವೇ ಎಂದು. ಟೀಚರಮ್ಮ ಸೈಕಲ್ ನಿಲ್ಲಿಸಿ ನಕ್ಕರು. ಅಲ್ಲಿ ಹಳೆಯ ಪತ್ರಿಕೆಯಲ್ಲಿ ಮೀನು ಸುತ್ತಿಕೊಡುತ್ತಾರೆ ಎಂದರು. ಅವಳು ಪುಣ್ಯವಂತೆ ಎಂದುಕೊಂಡೆ.

ಆಮೇಲಿನ ವರ್ಷಗಳು ಬರಿದೇ ಕಳೆದವು. ಟೀಚರಮ್ಮ ಅಣ್ಣನ ಹಿಂದೆ ಹಡಗು ಹತ್ತಿ ದೇಶ ಬಿಟ್ಟರು. ಪಾಟಿಯ ಗಂಡ ಎದೆಯಲ್ಲಿ ಕಲ್ಲುಪುಡಿ ತುಂಬಿಕೊಂಡು, ಕೆಮ್ಮಿ ಕೆಮ್ಮಿ ಸತ್ತ. ಕಂಪನಿ ಎಲ್ಲೆಲ್ಲೋ ಸುತ್ತುತ್ತಿತ್ತು. ನಾನು ಮೈನೆರೆದು, ಲಂಗದಿಂದ ಸೀರೆಗೆ ಬಂದೆ. ಆದರೂ ಗದ್ದದ ಗುಳಿ ಎಲ್ಲಿಗೆ ಹೋಗುತ್ತದೆ? ಸೀರೆ ಉಟ್ಟವಳನ್ನು ಬಸ್ಸಿನಲ್ಲಿ ಕಂಡ ಹೆಂಗಸರು ಕೆನ್ನೆ ಮುಟ್ಟಿ ಬೆರಳು ಕಣ್ಣಿಗೊತ್ತಿಕೊಳ್ಳುವುದನ್ನು ಬಿಟ್ಟಿರಲಿಲ್ಲ. ಯಾರಾದರೂ ಒಬ್ಬರು ನನ್ನನ್ನು ನನ್ನ ವಯಸ್ಸಿನವಳ ಹಾಗೆ ನೋಡಲಿ ಎಂದು ಹಲ್ಲು ಕಚ್ಚಿಕೊಳ್ಳುತ್ತಿದ್ದೆ. ನನಗೆ ಕೋಪ ಮೂಗಿನ ತುದಿಯಲ್ಲೇ ಎಂದು ಹೆಸರು ಬಂದದ್ದು ಆ ಕಾಲದಲ್ಲಿ.

ಹದಿನೇಳು ನಡೆಯುತ್ತಿದ್ದಾಗ ಕಂಪನಿ ಮತ್ತೆ ಬಂಗಾರಪೇಟೆಗೆ ಬಂತು. ಯಜಮಾನಮ್ಮ ಈಗ ಪೌರಾಣಿಕ ಬಿಟ್ಟು ಸಾಮಾಜಿಕ ನಾಟಕ ಹಿಡಿದಿದ್ದರು. ಗಿರಣಿ ಕೂಲಿಯ ಹೆಂಡತಿಯ ಕಥೆ. ಗಂಡ ಕುಡುಕ, ಎರಡನೆಯ ಅಂಕದ ಕೊನೆಗೆ ಅವಳಿಗೆ ಹೊಡೆಯುತ್ತಾನೆ. ಅವಳು ಎದ್ದು ನಿಂತು ಅವನಿಗೆ ನಾಲ್ಕು ಮಾತು ಹೇಳಿ ಮನೆ ಬಿಡುತ್ತಾಳೆ, ಮೂರನೆಯ ಅಂಕದಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡು ತನ್ನ ಕಾಲ ಮೇಲೆ ನಿಲ್ಲುತ್ತಾಳೆ. ಆ ಪಾತ್ರದ ನಟಿ ಮದುವೆಯಾಗಿ ಹೋಗಿದ್ದಳು. ಯಜಮಾನಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ, ಓದಿಸಿ, ನಡೆಸಿ, ಇವಳೇ ಆಗಬಹುದು ಎಂದರು. ಆಟ ಗೆದ್ದರೆ ಕಂಪನಿಯ ಜೊತೆಗೇ ಕರೆದುಕೊಂಡು ಹೋಗುವುದಾಗಿಯೂ ಹೇಳಿದರು.

ಅಪ್ಪ ಎರಡು ದಿನ ಒಪ್ಪಲಿಲ್ಲ. ದೇವರ ವೇಷ ಬೇರೆ, ಹೆಣ್ಣಿನ ವೇಷ ಬೇರೆ ಎಂಬುದು ಅವರ ಲೆಕ್ಕ. ಕೊನೆಗೆ ಅಮ್ಮನೇ ಬಾಯಿಬಿಟ್ಟಳು. "ಆಟ ಆಡ್ಲಿ ಬುಡಿ. ಇಲ್ದಿದ್ರೆ ಜೀವಮಾನೆಲ್ಲಾ ನಮ್ಮನ್ನ ತಿಂದಾಕ್ತಾಳೆ." ಅಪ್ಪ ಒಂದು ಮಾತಿಗೆ ಕಟ್ಟಿಹಾಕಿದರು: ಇಲ್ಲೇ, ನಮ್ಮ ಜನದ ಮುಂದೆ, ತಾವು ಕೂತು ನೋಡುವಾಗ ಆ ಪಾತ್ರ ಕೊನೆಯ ಅಂಕದವರೆಗೂ ನಿಲ್ಲಬೇಕು. ನಿಲ್ಲದಿದ್ದರೆ ಮತ್ತೆ ಬಣ್ಣದ ಮಾತು ಎತ್ತಕೂಡದು, ತಾವು ನೋಡಿದ ಗಂಡಿಗೆ ಕೊರಳು ಕೊಡಬೇಕು. ನಾನು ಆಗಲಿ ಎಂದೆ. ನಿಲ್ಲದೆ ಎಲ್ಲಿಗೆ ಹೋಗುತ್ತದೆ ಎಂಬ ಧಿಮಾಕು ನನಗೆ.

ತಾಲೀಮಿನಲ್ಲಿ ಏಟಿನ ಲೆಕ್ಕಾಚಾರ ಕಲಿತೆ. ಗಂಡನ ಪಾತ್ರದವರು ಮೃದು ಮನುಷ್ಯ, ಮಾತಿಗೊಮ್ಮೆ ತಂಗಿ ಎನ್ನುವವರು. ಅವರ ಕೈ ನನ್ನ ಕೆನ್ನೆಯ ಪಕ್ಕದಲ್ಲಿ ಗಾಳಿಯಲ್ಲೇ ಹಾದುಹೋಗಬೇಕು, ಅದೇ ಗಳಿಗೆಗೆ ತಬಲದವರು ಎಡಗೈಯಿಂದ ಒಂದು ಪೆಟ್ಟು ಕೊಡಬೇಕು, ನಾನು ತಲೆ ಹೊರಳಿಸಿ ಬೀಳಬೇಕು. ಮೂವರಲ್ಲಿ ಒಬ್ಬರು ತಪ್ಪಿದರೂ ಜನ ನಗುತ್ತಾರೆ. ಈ ಏಟು ಬೀಳದಿದ್ದರೆ ಮೂರನೆಯ ಅಂಕವೇ ಇಲ್ಲ, ತಿಳಿಯಿತೇ ಎಂದು ಯಜಮಾನಮ್ಮ ಮತ್ತೆ ಮತ್ತೆ ಮಾಡಿಸಿದರು. ಬಿದ್ದು ಬಿದ್ದು ನನ್ನ ಸೊಂಟ ನೀಲಿಗಟ್ಟಿತ್ತು.

ಮೊದಲ ಭಾನುವಾರ ನಮ್ಮ ಲೈನಿಗೆ ಲೈನೇ ರೈಲು ಹತ್ತಿ ಬಂದಿತ್ತು. ಅಪ್ಪ, ಅಮ್ಮ, ಪಾಟಿ ಮುಂದಿನ ಬೆಂಚಿನಲ್ಲಿ. ಪರದೆ ಎದ್ದು ನಾನು ಹರಿದ ಸೀರೆಯಲ್ಲಿ ರಾಗಿ ಬೀಸುತ್ತ ಕಂಡೊಡನೆ ಎಂದಿನ ಹಾಗೆ ಒಂದಷ್ಟು ಜನ ಎದ್ದು ಕೈಮುಗಿದರು. ನಾನು ಅತ್ತ ನೋಡದೆ ಮಾತು ಮುಂದುವರಿಸಿದೆ. ಮೊದಲ ಅಂಕ ಹೇಗೋ ಕಳೆಯಿತು. ಎರಡನೆಯ ಅಂಕದಲ್ಲಿ ಗಂಡ ತೂರಾಡುತ್ತ ಬಂದು ನನ್ನನ್ನು ಬೈಯುತ್ತಿದ್ದ ಹಾಗೆ ಥಿಯೇಟರಿನಲ್ಲಿ ಗುಜುಗುಜು ಶುರುವಾಯಿತು. ಅವರು ಕೈ ಎತ್ತಿದರು. ಕೈ ಇಳಿಯುವ ಮೊದಲೇ ಒಂದು ಚಪ್ಪಲಿ ಬಂದು ಅವರ ಹಣೆಗೆ ಬಡಿಯಿತು.

"ಡೇಯ್, ಸಾಮಿ ಮ್ಯಾಲೆ ಕೈ ಎತ್ತೀಯಾ?" ಯಾರೋ ಹಿಂದಿನಿಂದ ಗುಡುಗಿದರು. ಅಷ್ಟರಲ್ಲಿ ಹುಡುಗರು ರಂಗದ ಮೇಲೇ ಹತ್ತಿದ್ದರು. ಇದು ನಾಟಕ ಕಣ್ರಪ್ಪಾ ಎಂದು ಯಜಮಾನಮ್ಮ ಕೂಗಿಕೊಳ್ಳುತ್ತಿದ್ದರು. ನಾಟಕ ಎಂದು ಅವರಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ನಾಟಕದಲ್ಲೂ ಆ ಮುಖಕ್ಕೆ ಹೊಡೆಯಬಾರದು, ಅಷ್ಟೇ. ಗಲಾಟೆಯ ನಡುವೆ ಪಾಟಿ ಸೆರಗಿನ ಗಂಟಿನಿಂದ ಕರ್ಪೂರ ತೆಗೆದು, ನನ್ನೆದುರಿಗೆ ನಿಂತು, ಅಂಗೈಯಲ್ಲೇ ಹಚ್ಚಿ ಮೂರು ಸುತ್ತು ಬೆಳಗಿದಳು. ತಪ್ಪಾಯ್ತು ಸಾಮಿ, ಮನಸ್ಸಿಗೆ ತಕೋಬೇಡ ಎಂದು ಅತ್ತಳು. ಹರಿದ ಸೀರೆಯಲ್ಲಿ ದೇವರಾಗಿ ನಿಂತುಕೊಂಡು ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಪರದೆ ಇಳಿಸಿದರು. ಮೂರನೆಯ ಅಂಕ ಆಗಲಿಲ್ಲ.

ಬಣ್ಣದ ಮನೆಯಲ್ಲಿ ಗಂಡನ ಪಾತ್ರದವರು ಹಣೆಗೆ ಅರಿಶಿನ ಒತ್ತಿಕೊಂಡು ಕೂತಿದ್ದರು. ನನ್ನನ್ನು ಕಂಡು, ನಿನ್ನ ತಪ್ಪಲ್ಲ ತಂಗಿ ಎಂದರು. ಯಜಮಾನಮ್ಮ ಮಾತ್ರ, ಮುಂದಿನ ಭಾನುವಾರ ಇನ್ನೊಂದು ಆಟ ನೋಡೋಣ, ಆಗಲೂ ಹೀಗಾದರೆ ನಿನ್ನನ್ನು ಇಟ್ಟುಕೊಳ್ಳಲಾರೆ, ಆ ಕ್ಯಾಲೆಂಡರ್ ಎಲ್ಲಿಯವರೆಗೆ ಹೋಗಿದೆಯೋ ಯಾರಿಗೆ ಗೊತ್ತು ಎಂದರು. ಮನೆಗೆ ಬಂದು ಅಪ್ಪ ಕಾಲು ತೊಳೆಯುತ್ತ, ಜನ ನಿನ್ನ ಕೈಬಿಡಲಿಲ್ಲ, ಅದೇ ದೊಡ್ಡದು, ಇನ್ನೊಂದು ವಾರ ನೋಡಿ ಮುಗಿಸೋಣ ಎಂದರು. ಅವರ ದನಿಯಲ್ಲಿದ್ದ ಸಮಾಧಾನ ಕೇಳಿ ನನಗೆ ಅಳು ಬಂತು.

ಅಳು ಮುಗಿದ ಮೇಲೆ ಕೋಪ ಬಂತು. ಮಾರನೆಯ ಬೆಳಿಗ್ಗೆ ಪಾಟಿಯ ಮನೆಗೆ ಹೋದೆ. ಅವಳು ಮೊರದಲ್ಲಿ ಅಕ್ಕಿ ಕೇರುತ್ತಿದ್ದಳು. ಲೈನಿನಲ್ಲಿ ಅವಳ ಮಾತು ನಡೆಯುತ್ತಿತ್ತು. ಹಿರಿಯಳು, ಎಲ್ಲರ ಬಾಣಂತನ ಮಾಡಿದವಳು, ಅವಳು ಏಳು ಎಂದರೆ ಏಳುವವರು, ಕೂರು ಎಂದರೆ ಕೂರುವವರು. ಏಕೆ ಹಾಗೆ ಮಾಡಿದೆ, ನನ್ನ ಬದುಕು ಹಾಳಾಗುತ್ತದೆ ಎಂದು ಒಂದೇ ಉಸಿರಿಗೆ ಎಲ್ಲ ಹೇಳಿದೆ. ಅಪ್ಪನ ಷರತ್ತನ್ನೂ ಹೇಳಿದೆ. ಅವಳು ಕೇರುವುದನ್ನು ನಿಲ್ಲಿಸಲಿಲ್ಲ. ಅವನು ಸಾಮಿಯನ್ನು ಹೊಡೆಯಲು ಬಂದರೆ ತಾನು ಹೇಗೆ ಕೂತಿರಲಿ ಎಂದಳು. ನನಗೆ ರೇಗಿಹೋಯಿತು.

"ತಾತ ನಿನ್ನ ಒಡೀವಾಗ ಈ ಲೈನಲ್ಲಿ ಯಾರಾನ ಎದ್ದು ಬಂದಿದ್ರಾ ಪಾಟಿ?"

ಮೊರ ನಿಂತಿತು. ಅವಳಿಗೆ ಕೋಪ ಬರುತ್ತದೆ ಎಂದುಕೊಂಡೆ. ಬರಲಿಲ್ಲ. ಮಗು ಕೇಳಿದ ಪ್ರಶ್ನೆಗೆ ಹೇಳುವ ಹಾಗೆ, ತಮಿಳರು ಮಕ್ಕಳನ್ನು ಮುದ್ದಿಗೆ ಕರೆಯುವಂತೆ ಕಣ್ಣು ಎಂದು ಕರೆದು, ನಿಧಾನವಾಗಿ ಹೇಳಿದಳು.

"ಯಾರು ಬತ್ತಾರೆ ಕಣ್ಣು? ಎಂಗ್ಸು ಅಂದ್ಮ್ಯಾಲೆ ಒಡೀತಾರೆ. ಅದಕ್ಕೆಲ್ಲ ಯಾರು ಏಳ್ತಾರೆ?"

"ನಾನೂ ಎಂಗ್ಸೇ."

ಪಾಟಿ ಮೊರವನ್ನು ಪಕ್ಕಕ್ಕಿಟ್ಟು ನನ್ನನ್ನು ಹತ್ತಿರ ಕೂರಿಸಿಕೊಂಡಳು. ಮುಖವನ್ನು ಎರಡು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ಅಷ್ಟು ವರ್ಷದಲ್ಲಿ ಅವಳು ನನ್ನನ್ನು ಕೈಮುಗಿಯದೆ ನೋಡಿದ್ದು ಅದೇ ಮೊದಲು.

"ಯೋಚ್ನೆ ಮಾಡಿ ಯೋಳು. ಸಾಮಿ ಆಗಿದ್ರೆ ನಿನ್ ಮೈ ಯಾರೂ ಮುಟ್ಟಲ್ಲ. ನಾಳೆ ತಾಳಿ ಕಟ್ಟೋನೂ ಈ ಮುಖ ನೋಡಿ ಎದ್ರುಕೊಂತಾನೆ. ಎಂಗ್ಸಾದ್ರೆ ಯಾರೂ ಏಳಲ್ಲ, ನಾನೂ ಏಳಲ್ಲ. ಬೇಕಾ ನಿಂಗೆ?"

ಬೇಕು ಎಂದೆ. ಹದಿನೇಳರ ಹುಡುಗಿಗೆ ಬೇಕು ಎನ್ನಲು ಎಷ್ಟು ಹೊತ್ತು ಬೇಕು? ಅವಳು ಮತ್ತೆ ಮೊರ ತೆಗೆದುಕೊಂಡಳು. ಸರಿ, ಹೋಗಿ ನಿನ್ನ ಮಾತು ಬಾಯಿಪಾಠ ಮಾಡು ಎಂದಳು. ಆ ಶುಕ್ರವಾರ ಅವಳು ಕಡಲೆಪುರಿ ತರಲಿಲ್ಲ.

ಎರಡನೆಯ ಭಾನುವಾರ ಜನ ಇನ್ನೂ ಹೆಚ್ಚಾಗಿ ಬಂದಿದ್ದರು, ನಾಟಕಕ್ಕೋ ಗಲಾಟೆಗೋ ಅವರಿಗೇ ಗೊತ್ತು. ಮೊದಲ ಅಂಕಕ್ಕೆ ಮತ್ತೆ ಒಂದಿಬ್ಬರು ಎದ್ದು ಕೈಮುಗಿದರು. ಮುಂದಿನ ಬೆಂಚಿನ ಪಾಟಿ ಮಡಿಲಲ್ಲಿ ಕೈಯಿಟ್ಟುಕೊಂಡು ಕೂತೇ ಇದ್ದಳು. ಎರಡನೆಯ ಅಂಕ ಬಂತು. ಗಂಡ ತೂರಾಡುತ್ತ ಬಂದರು, ಬೈದರು, ಕೈ ಎತ್ತಿದರು. ಎತ್ತಿದ ಕೈ ಅಲ್ಲೇ ನಿಂತುಬಿಟ್ಟಿತು. ಅವರ ಕಣ್ಣು ನನ್ನ ಮೇಲಿಲ್ಲ, ಜನರ ಮೇಲೆ. ಹಣೆಯ ಗಾಯ ಬಣ್ಣದೊಳಗಿಂದಲೂ ಕಾಣುತ್ತಿತ್ತು. ನಡುವಿನ ಸಾಲಿನಲ್ಲಿ ಬೆಂಚು ಕಿರುಗುಟ್ಟಿತು, ಒಬ್ಬ ಎದ್ದ, ಅವನ ಹಿಂದೆ ಮತ್ತೊಬ್ಬ.

ಪಾಟಿ ತಿರುಗಿ ನೋಡಲೂ ಇಲ್ಲ. ಕೂತಲ್ಲಿಂದಲೇ, ನೀರಿನ ಸಾಲಿನಲ್ಲಿ ಹೇಳುವಷ್ಟೇ ದನಿಯಲ್ಲಿ ಹೇಳಿದಳು.

"ಕೂತ್ಕಳ್ರೋ ಎಲ್ಲಾ. ಸಾಮಿ ಅಲ್ಲ ಅದು. ಎಂಗ್ಸು."

ಎದ್ದವರು ಒಬ್ಬರನ್ನೊಬ್ಬರು ನೋಡಿಕೊಂಡರು. ಆಮೇಲೆ ಕೂತರು. ನಾನು ತುಟಿ ಅಲುಗಿಸದೆ, ಒಡೀರಿ ಅಣ್ಣಾ ಎಂದೆ. ಕೈ ಇಳಿಯಿತು. ಹೆದರಿಕೆಗೋ ಏನೋ ಅವರ ಲೆಕ್ಕ ತಪ್ಪಿ ಏಟು ನಿಜವಾಗಿಯೇ ಕೆನ್ನೆಗೆ ಬಿತ್ತು. ತಬಲದವರ ಪೆಟ್ಟು ಆಮೇಲೆ ಕೇಳಿಸಿತು. ಹುಟ್ಟಿದಂದಿನಿಂದ ನನ್ನ ಮುಖಕ್ಕೆ ಬಿದ್ದ ಮೊದಲ ಏಟು ಅದು.

ಬಿದ್ದಲ್ಲಿಂದ ಮುಂದಿನ ಸಾಲು ಚೆನ್ನಾಗಿ ಕಾಣುತ್ತಿತ್ತು. ನಮ್ಮ ಲೈನಿನವರೆಲ್ಲ ಇದ್ದರು. ಪಾಟಿ ಮಡಿಲಿನ ಕೈಗಳನ್ನೇ ನೋಡುತ್ತಿದ್ದಳು. ಅಮ್ಮ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡಿದ್ದಳು. ಅಪ್ಪ ಎರಡೂ ಕೈಯಲ್ಲಿ ಬೆಂಚಿನ ಅಂಚು ಹಿಡಿದು ಕೂತಿದ್ದರು. ಥಿಯೇಟರಿನಲ್ಲಿ ಸೂಜಿ ಬಿದ್ದರೂ ಕೇಳುವ ಹಾಗಿತ್ತು. ನನಗೆ ಬೇಕಾಗಿದ್ದದ್ದು ಅದೇ. ಪಕ್ಕದ ಪರದೆಯ ಮರೆಯಲ್ಲಿ ಯಜಮಾನಮ್ಮ ಖುಷಿಯಿಂದ ಕಣ್ಣರಳಿಸಿ, ಏಳು, ಮಾತು ಹೇಳು ಎಂದು ಸನ್ನೆ ಮಾಡುತ್ತಿದ್ದರು. ನಾನು ಇನ್ನೂ ಸ್ವಲ್ಪ ಹೊತ್ತು ನೆಲದ ಮೇಲೆಯೇ ಇದ್ದೆ. ಯಾರಾದರೂ ಒಬ್ಬರು ಎದ್ದಾರೇನೋ ಎಂದು ಕಾದೆ.

ಯಾರೂ ಏಳಲಿಲ್ಲ. ನಾನೇ ಎದ್ದೆ.